ಪಿನ್ನು ಹಾಕಿದ ಸೆರಗು

ಹಾಲಿನ ಪಾಕೀಟಿನ ಮೂಲೆಯನ್ನು ನಾನು ಪೂರ್ತಿ ಕತ್ತರಿಸುವುದಿಲ್ಲ. ಆ ಚೂರು ಸಿಂಕಿಗೆ ಬಿದ್ದರೆ ನೀರು ಕಟ್ಟುತ್ತದೆ. ಆ ಬೆಳಿಗ್ಗೆಯೂ ಹಾಗೇ ಅರ್ಧ ಕತ್ತರಿಸಿ ಹಾಲು ಕಾಯಿಸಿದೆ, ಯಜಮಾನರ ಡಬ್ಬಿ ಕಟ್ಟಿದೆ, ಹಸಿರು ಇಳಕಲ್ ಸೀರೆ ಉಟ್ಟೆ. ಸೆರಗಿಗೆ ಭುಜದಲ್ಲೊಂದು, ಸೊಂಟದಲ್ಲೊಂದು ಪಿನ್ನು ಹಾಕಿದೆ. ಮೊನೆ ಹೊರಗೆ ಕಾಣದ ಹಾಗೆ ಪಿನ್ನು ಚುಚ್ಚುವುದನ್ನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು.

"ಉಡಿ ತುಂಬಿಸ್ಕೊಳ್ಳಾಕ ಹೊಂಟೀಯ, ಸೆರಗು ಹಿಂಗ್ ಬಿಗಿದ್ರೆ ಹೆಂಗೆ?" ಎಂದರು ಯಜಮಾನರು.

"ಇರ್ಲಿ ಬಿಡ್ರಿ."

ಹರಿಹರದಲ್ಲಿ ಆ ದಿನ ಒಂದು ವಿಮೆ-ಫೈನಾನ್ಸ್ ಕಂಪನಿಯ ಹೊಸ ಕಟ್ಟಡದ ಉದ್ಘಾಟನೆ. ಕಂಪನಿ ಹುಟ್ಟಿದ್ದು ವಿನೋಬನಗರದ ನಮ್ಮ ಜಗಲಿಯ ಮೇಲೆ. ಈಗಿನ ಚೇರ್ಮನ್ನರು ಆಗ ಮೊಪೆಡ್ಡಿನಲ್ಲಿ ಬರುತ್ತಿದ್ದ ಏಜೆಂಟು. "ಮೇಡಂ, ಇಂಗ್ಲಿಷ್ ಓದಿದ ನೀವು ಹೇಳಿದ್ರೆ ಓಣಿ ನಂಬ್ತೈತೆ" ಎನ್ನುತ್ತಿದ್ದರು. ನಾನು ಹೇಳಿದೆ, ಓಣಿ ನಂಬಿತು. ಆಮೇಲೆ ನಮ್ಮೂರಂಚಿನ ಕರೂರಿನ ಕಾರ್ಖಾನೆಗಳ ಹತ್ತಿರ ಶಾಖೆಯಾಯಿತು, ಮೊಪೆಡ್ಡು ಕಾರಾಯಿತು. ಪ್ರತಿ ಶಾಖೆ ತೆರೆದಾಗಲೂ ಗ್ರಾಹಕ ಹೆಂಗಸರಿಗೆ ಉಡಿ ತುಂಬುವುದು ಅವರ ಪದ್ಧತಿ. ಮೊದಲ ಉಡಿ ನನ್ನದೇ. ನಾನು ಸೆರಗೊಡ್ಡಿದ ಮೇಲೇ ಉಳಿದವರು ಒಡ್ಡುತ್ತಿದ್ದರು.

ನನ್ನ ಮಾತು ನಂಬಿ ಪಾಲಿಸಿ ಮಾಡಿಸಿದವರಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಟೇಲರೂ ಒಬ್ಬ. ಮುಂದೆ ಭಾನುವಳ್ಳಿಗೆ ಹೋಗಿ ಅಂಗಡಿ ಇಟ್ಟ. ಹೋದ ವರ್ಷ ಎದೆನೋವಿನಿಂದ ತೀರಿಕೊಂಡ. ಹೆಂಡತಿ ಪರಿಹಾರ ಕೇಳಲು ಹೋದರೆ, ತಂಬಾಕಿನ ಚಟ ಮುಚ್ಚಿಟ್ಟಿದ್ದ, ಕೊಡಲಾಗದು ಎಂದರು ಕಂಪನಿಯವರು. ಅವಳು ಹೊಲಿಗೆ ಮಷೀನು ಮಾರಲು ಗಿರಾಕಿ ಹುಡುಕುತ್ತಿದ್ದಾಳೆ ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ತಂಬಾಕು! ಪಾಲಿಸಿಗೆ ಸಹಿ ಹಾಕಿಸಿದ ದಿನ ನಮ್ಮ ಜಗಲಿಯ ಮೇಲೆ ಅಂಗೈಯಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕಿ, ಅರ್ಧ ತಾವಿಟ್ಟುಕೊಂಡು ಇನ್ನರ್ಧ ಟೇಲರನಿಗೆ ಕೊಟ್ಟವರು ಇದೇ ಚೇರ್ಮನ್ನರು. "ಇದನ್ನೆಲ್ಲ ಫಾರಂನಾಗ ಯಾರ್ ಬರೀತಾರ್ ಬಿಡೋ" ಎಂದು ನಕ್ಕಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವರಿಗೆ ಮೂರು ಸಲ ಫೋನು ಮಾಡಿದೆ. ಮೀಟಿಂಗು, ಮೀಟಿಂಗು, ಮೀಟಿಂಗು.

ಹರಿಹರದಲ್ಲಿ ನನ್ನನ್ನು ಮುಂದಿನ ಕುರ್ಚಿಯಲ್ಲೇ ಕೂರಿಸಿದರು. ಹಿಂದೆ ಸಾಲು ಸಾಲು ಹೆಂಗಸರು. ಚೇರ್ಮನ್ನರ ಹೆಂಡತಿ ಅಕ್ಕಿ, ಕೊಬ್ಬರಿ, ರವಿಕೆ ಕಣದ ತಟ್ಟೆ ಹಿಡಿದು ಬಂದರು.

"ಸೆರಗು ಒಡ್ಡ್ರಿ ಅಕ್ಕೋರೆ."

"ಪಿನ್ ಹಾಕೀನ್ರಿ."

"ತೆಗೀರಿ, ಅದೇನ್ ದೊಡ್ಡ ಕೆಲ್ಸ?"

"ತೆಗಿಯಲ್ರಿ. ಭಾನುವಳ್ಳಿ ಟೇಲರನ ಹೆಂಡ್ತಿಗೆ ಬರ್ಬೇಕಾದ್ದು ಬರೋತನಕ ನಿಮ್ಮ ಅಕ್ಕಿ ನನಗ್ ಬ್ಯಾಡ."

ಚೇರ್ಮನ್ನರು ನಗುತ್ತಾ ಬಗ್ಗಿದರು. "ಮೇಡಂ, ಅದು ಕ್ಲೇಮ್ ಡಿಪಾರ್ಟ್‌ಮೆಂಟಿನ ಡಿಸಿಷನ್ನು."

"ಅವನಿಗೆ ತಂಬಾಕು ತಿಕ್ಕಿ ಕೊಟ್ಟಿದ್ದು ಯಾವ ಡಿಪಾರ್ಟ್‌ಮೆಂಟ್ರಿ?"

ನಾನು ದನಿ ಏರಿಸಿರಲಿಲ್ಲ. ಏರಿಸುವುದು ನನಗೆ ಬರುವುದೂ ಇಲ್ಲ. ಆದರೆ ಪಕ್ಕದಲ್ಲಿ ಮೈಕಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬಾಕೆ ಬಿಚ್ಚಿದ್ದ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಆಕೆಯ ಪಕ್ಕದವಳು, ಅವಳ ಪಕ್ಕದವಳು. ತಟ್ಟೆ ಓರೆಯಾಗಿ ಅಕ್ಕಿ ಹೊಸ ಟೈಲ್ಸಿನ ಮೇಲೆ ಉದುರಿತು. ಚೇರ್ಮನ್ನರ ಬಿಳಿ ಶರಟಿನ ಕಾಲರು ಬೆವರಿಗೆ ಅಂಟಿಕೊಂಡದ್ದನ್ನು ಕಣ್ತುಂಬ ನೋಡಿ, ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನಷ್ಟಕ್ಕೆ ನಕ್ಕೆ. ಪಾಪ ಎನ್ನಿಸಲೇ ಇಲ್ಲ. ಈಗಲೂ ಅನ್ನಿಸುವುದಿಲ್ಲ.

ಸಂಜೆ ಬಟ್ಟೆ ಮಡಚುತ್ತಿದ್ದಾಗ, ಭಾನುವಳ್ಳಿಯ ತವರಿಗೆ ಹೋಗಿದ್ದ ಪಕ್ಕದ ಮನೆಯಾಕೆ ಕಾಂಪೌಂಡಿಗೆ ಒರಗಿದಳು. ಬೆಳಗಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ.

"ಅಕ್ಕೋರೆ, ಮೊಸರೈತೇನ್ರಿ ಒಂದ್ ಚಮಚ, ಹೆಪ್ಪಿಗೆ? ಬರೋದ್ ತಡಾತು. ನಮ್ಮ ತವರ್ ಓಣ್ಯಾಗ ಯಾವನೋ ಇಷ್ಟುದ್ದ ಕಾರು ತಂದು ಅಡ್ಡ ನಿಲ್ಸಿದ್ದ. ಬೆವರು ಒರೆಸ್ಕೊಂತ ಮನಿ ಮನಿಗೂ 'ಟೇಲರ್ ಹೆಂಡ್ತಿ ಎಲ್ಲಿ, ಟೇಲರ್ ಹೆಂಡ್ತಿ ಎಲ್ಲಿ' ಅಂತಿದ್ದ. ರವಿಕೆ ಅಷ್ಟು ಅರ್ಜೆಂಟ್ ಏನ್ರಿ ಅವನಿಗೆ?"