ಸ್ಪ್ಲಿಂಟಿನೊಳಗೆ ಬಳೆಯ ಗುರುತು

ರಾಜಣ್ಣನವರ ಸ್ಪ್ಲಿಂಟಿನ ಒಳಮೈಯಲ್ಲಿ ಬಳೆಗಳ ಗುರುತು ಮೂಡಿತ್ತು. ಪಾರ್ಶ್ವವಾಯುವಿನಿಂದ ಮುದುಡಿದ ಅವರ ಕೈ ನೇರವಾಗಿರಲೆಂದು, ಬಾಣಸವಾಡಿಯ ನಮ್ಮ ಕ್ಲಿನಿಕ್ಕಿನಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ನಾನೇ ಅದನ್ನು ಅಳತೆಗೆ ಮಾಡಿಕೊಟ್ಟಿದ್ದೆ. ಈಗ ಅದು ಅವರ ಕೈಗೇ ಹಿಡಿಸುತ್ತಿರಲಿಲ್ಲ.

“ಏನ್ರೀ ಮಾಡಿದ್ರಿ ಇದನ್ನ?” ಎಂದು ರೇಗಿದೆ.

“ಬೆವರು ವಾಸ್ನೆ ಅಂತ ಕುದಿಯೋ ನೀರಲ್ಲಿ ತೊಳ್ದೆ ಮೇಡಂ, ಚಪ್ಪಟೆ ಆಗ್ಬಿಡ್ತು. ಇವ್ರಿಗೆ ಕೈ ಸುಟ್ರೂ ಗೊತ್ತಾಗಲ್ಲ ನೋಡಿ, ಅದಕ್ಕೇ ನನ್ ಕೈ ಮೇಲೇ ಬಗ್ಗಿಸ್ದೆ” ಎಂದರು ಅವರ ಹೆಂಡತಿ ಜಯಮ್ಮ. ಜಯಮ್ಮನವರ ಮಣಿಕಟ್ಟಿನಲ್ಲಿ, ಬಳೆಗಳ ಪಕ್ಕದಲ್ಲೇ, ಸುಟ್ಟ ಬೊಬ್ಬೆ ಎದ್ದಿತ್ತು.

ತಣ್ಣೀರಿನಲ್ಲೇ ತೊಳೆಯಬೇಕೆಂದು ನಾನು ಹೇಳಿರಲೇ ಇಲ್ಲ. ರಾಜಣ್ಣನವರಿಗೆ ಹೊಸದು ಮಾಡಿಕೊಟ್ಟೆ. ಹಳೆಯದು ನನ್ನ ಮೇಜಿನ ಮೇಲಿದೆ. ಇದೇನು ಗುರುತು ಎಂದು ಯಾರಾದರೂ ಕೇಳಿದರೆ, ನನ್ನ ತಪ್ಪಿನದು ಎನ್ನುತ್ತೇನೆ.