ತೊಳೆದು ಹೋದ ಮಾತು

ಕಾರವಾರದ ರವಿವಾರದ ಸಂತೆಯಲ್ಲಿ ಒಬ್ಬ ಹೆಂಗಸು ಬೂದಿಯಲ್ಲಿ ಹೊರಳಿಸಿದ ಮೊಗೆಕಾಯಿ ಬೀಜವನ್ನು ಸಣ್ಣ ಸಣ್ಣ ಗುಪ್ಪೆ ಮಾಡಿ ಮಾರಲು ಕೂತಿದ್ದಳು. ನಾನು ಹೋದದ್ದು ಬಸಳೆಗೆ ಮತ್ತು ಒಣಮೀನಿಗೆ. ಆದರೂ ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿದೆ. ಒಲೆಬೂದಿ, ಅದರೊಳಗೆ ಒಣಗಿದ ಬೇವಿನೆಲೆಯ ಕಹಿ, ಅದರಡಿಯಲ್ಲಿ ಎಂಥದೋ ಒಂದು ತಣ್ಣನೆಯ ವಾಸನೆ... ಬೇಕಾದರೆ ತಗೊಳ್ಳಿ, ನಶ್ಯದ ಹಾಗೆ ಏರಿಸಬೇಡಿ ಎಂದು ಅವಳು ಗದರಿದ ಮೇಲೆ ಕೈ ಕೊಡವಿದೆ. ಮನೆಗೆ ಬಂದು ಮೀನಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಕೂತವಳಿಗೆ, ಬೆಕ್ಕು ಅದನ್ನು ಅರ್ಧ ಮುಗಿಸಿದರೂ ಗೊತ್ತಾಗಲಿಲ್ಲ. ಮಂಡಿಯ ಆಪರೇಶನ್ ನೆವದಲ್ಲಿ ಈ ವರ್ಷ ಮಳೆ ಹಿಡಿಯುವ ಮೊದಲು ನಾನು ಬೀಜದಕ್ಕನನ್ನು ನೋಡಲು ಹೋಗಿರಲಿಲ್ಲ.

ನಾನು ಟೀಚರಾಗಿ ಮೊದಲು ಸೇರಿದ್ದು ರಾಮನಗುಳಿಯಿಂದ ಒಳಗೆ, ಗಂಗಾವಳಿ ಹೊಳೆಯ ದಂಡೆಯ ಒಂದು ಸಣ್ಣ ಶಾಲೆಗೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಬಾಯಿ ಜೋರು. ಹಾಗೆ ಬೆಳೆದ ಕಾರವಾರದ ಹುಡುಗಿ ನಾನು. ಅಲ್ಲಿ ಬಾಡಿಗೆ ಮನೆ ಅಂತ ಒಂದೂ ಇರಲಿಲ್ಲ. ಹೆಡ್‌ಮಾಸ್ತರು ನನ್ನನ್ನು ಪಕ್ಕದ ಆಶ್ರಮಕ್ಕೆ ಕರೆದುಕೊಂಡು ಹೋಗಿ, ಅಕ್ಕೋರಿಗೆ ಒಂದು ಕೋಣೆ ಕೊಡಿ ಎಂದು ಕೇಳಿದರು. ನಮ್ಮ ಕಡೆ ಹೆಣ್ಣು ಟೀಚರೆಂದರೆ ಅಕ್ಕೋರು. ನಮ್ಮ ನಿಯಮ ಪಾಲಿಸಿದರೆ ಇರಬಹುದು ಎಂದು ಆಶ್ರಮದವರು ಅಂದರು. ನಾನು ಒಪ್ಪಿದೆ, ಒಪ್ಪದೆ ಮತ್ತೇನು, ಹೊಳೆಯಲ್ಲಿ ಮಲಗಲೆ?

ಆ ಆಶ್ರಮದಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು, ಮದುವೆ ಮಾತ್ರ ಇರಲಿಲ್ಲ. ಅದನ್ನು ಕಟ್ಟಿದ ಅಮ್ಮ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು. ಒಬ್ಬರನ್ನು ಹಿಡಿದುಕೊಂಡವರು ಉಳಿದವರನ್ನೆಲ್ಲ ಬಿಟ್ಟ ಹಾಗೆ ಎಂದು ಅವರು ಹೇಳಿದ್ದರಂತೆ. ಗಂಡಸರೆಲ್ಲ ಅಣ್ಣ, ಹೆಂಗಸರೆಲ್ಲ ಅಕ್ಕ. ಊಟ, ಭಜನೆ, ಗದ್ದೆ ಕೆಲಸ ಎಲ್ಲ ಒಟ್ಟಿಗೆ, ಆದರೆ ಬೇರೆ ಬೇರೆ ಸಾಲು. ಒಂದು ಕುಡುಗೋಲನ್ನೂ ಕೈಯಿಂದ ಕೈಗೆ ಕೊಡುವಂತಿಲ್ಲ. ಇವರು ನೆಲಕ್ಕಿಡಬೇಕು, ಅವರು ಎತ್ತಿಕೊಳ್ಳಬೇಕು. ತರಕಾರಿ ಬೀಜ ಮತ್ತು ಮರದ ಮಣೆ, ಸ್ಟೂಲು ಅಂಕೋಲೆಗೆ ಹೋಗಿ ಮಾರಾಟವಾಗುತ್ತಿದ್ದವು. ಮಕ್ಕಳಿಲ್ಲದವರ ಕೈಬೀಜ ಒಂದೂ ಹುಸಿ ಹೋಗೂದಿಲ್ಲ ಎಂದು ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಬೀಜದ ಕೋಣೆಯ ಕೆಲಸ ನೋಡುತ್ತಿದ್ದವಳೇ ಬೀಜದಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಗಂಡ ಸತ್ತ ತಾಯಿಯ ಜೊತೆ ಲಂಗ ಉಡುವ ಪ್ರಾಯದಲ್ಲಿ ಅಲ್ಲಿಗೆ ಬಂದವಳು; ತಾಯಿ ಅಲ್ಲೇ ತೀರಿಕೊಂಡಿದ್ದಳು. ಹೊರಗೆ ಇವಳಿಗೆ ಅಂತ ಒಂದು ಜಗಲಿಯೂ ಇರಲಿಲ್ಲ. ನನ್ನ ಕೋಣೆಯ ಪಕ್ಕದ್ದೇ ಅವಳ ಕೋಣೆ. ಸಂಜೆ ಶಾಲೆ ಬಿಟ್ಟು ಬಂದು ಅವಳೆದುರು ಕೂತು ನಾನು ಬಡಬಡ ಮಾತಾಡುತ್ತಿದ್ದೆ, ಅವಳು ಬೀರೆಕಾಯಿ ಒಡೆದು ಬೀಜ ಉದುರಿಸುತ್ತ ಕೇಳುತ್ತಿದ್ದಳು. ಕಾರವಾರದ ಸಮುದ್ರದ ಸುದ್ದಿ ಹೇಳು ಎಂದರೆ ಅವಳಿಗೆ ಸಾಕಾಗುತ್ತಿರಲಿಲ್ಲ. ಹೊಳೆ ದಾಟಿ ಅಂಕೋಲೆಯವರೆಗೂ ಸರಿಯಾಗಿ ಹೋಗದವಳು...

ಆಶ್ರಮದ ಸ್ಟೂಲುಗಳೆಲ್ಲ ಒಂದೇ ಎತ್ತರ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ, ಅದೂ ಒಂದು ನಿಯಮ. ಕಾಲು ನೆಲಕ್ಕೆ ಎಟಕದೆ ಜೋತುಬಿದ್ದರೆ ಅಕ್ಕನ ಒಂದು ಮೊಣಕಾಲು ನೋಯುತ್ತಿತ್ತು. ಒಂದು ದಿನ ಅವಳ ಸ್ಟೂಲಿನ ಮೇಲೆ ನಾನು ಕೂತೆ. ನನ್ನ ಕಾಲು ಸಲೀಸಾಗಿ ನೆಲಕ್ಕೆ ತಾಗಿತು. ಪಕ್ಕದ ಸ್ಟೂಲಿನ ಜೊತೆ ಇಟ್ಟು ನೋಡಿದರೆ ಇದು ಒಂದು ಬೆರಳು ಗಿಡ್ಡ! ಯಾರು ಮಾಡಿದ್ದು ಎಂದು ಕೇಳಿದೆ. ಅಕ್ಕ ಬೀಜ ಕೇರುವುದನ್ನು ನಿಲ್ಲಿಸಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಮರಗೆಲಸಕ್ಕೆ ಅಲ್ಲಿ ಇದ್ದದ್ದು ಒಬ್ಬರೇ, ಬಡಗಿ ಅಣ್ಣ. ದಪ್ಪ ದನಿಯ, ಮಿತ ಮಾತಿನ ಮನುಷ್ಯ. ಅಲ್ಲಿಗೆ ನನಗೆ ಎಲ್ಲ ಗೊತ್ತಾಯಿತು.

ಅವರಿಬ್ಬರ ನಡುವೆ ಒಂದು ಮಾತೂ ನೇರವಾಗಿ ಆಗಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಹೊರಗಿನವಳು, ಎರಡೂ ಸಾಲಿನವರ ಹತ್ತಿರ ಮಾತಾಡಬಹುದಿತ್ತು. ಹಾಗಾಗಿ ಆ ವರ್ಷವಿಡೀ ನಾನೇ ಅವರ ಬಾಯಿ, ನಾನೇ ಕಿವಿ. ಬಡಗಿ ಅಣ್ಣನ ಒಡಹುಟ್ಟಿದ ಅಣ್ಣನೊಬ್ಬ ಬೇಲೆಕೇರಿಯಲ್ಲಿದ್ದ. ದೋಣಿ ರಿಪೇರಿಯ ಕೆಲಸ ಅಲ್ಲಿ ಬೇಕಷ್ಟಿದೆ, ಇರಲಿಕ್ಕೆ ಒಂದು ಮಾಡು ಇದೆ, ಬರ್ತಾಳ ಕೇಳಿ ಎಂದು ಅವರು ನನ್ನ ಹತ್ತಿರ ಹೇಳಿ ಕಳಿಸಿದರು. ಅಕ್ಕ ಎರಡು ತಿಂಗಳು ಉತ್ತರ ಕೊಡಲಿಲ್ಲ. ಆಮೇಲೆ ಒಂದು ಸಂಜೆ, ಬೇಲೆಕೇರಿಯಲ್ಲಿ ಮನೆಯ ಬಾಗಿಲಿಂದ ಸಮುದ್ರ ಕಾಣ್ತದಾ ಎಂದು ಕೇಳಿದಳು. ನಾನು ಅದನ್ನೇ ಉತ್ತರ ಎಂದು ತಿಳಿದು ಅಂಕೋಲೆಗೆ ಹೋಗಿ ಅವಳಿಗೆ ಹಸಿರು ಸೀರೆ ತಂದೆ; ಅಲ್ಲಿ ಅವರೆಲ್ಲ ಉಡುತ್ತಿದ್ದದ್ದು ಅಂಚಿಲ್ಲದ ಬಿಳಿಯದು. ಆ ಸೀರೆಯನ್ನು ಕೊನೆಗೆ ನಾನೇ ಉಟ್ಟು ಹರಿದೆ.

ಸೋಮವಾರದ ಮೊದಲ ಬಸ್ಸಿಗೆ ಹೊರಡಿ, ಅಂಕೋಲೆಯಲ್ಲಿ ರಿಜಿಸ್ಟರ್ ಮದುವೆಗೆ ಸಾಕ್ಷಿ ನಾನು ಎಂದು ನಾನು ಕುಣಿಯುತ್ತಿದ್ದರೆ ಅಕ್ಕ ಒಂದೇ ಹಟ ಹಿಡಿದಳು.

"ಕಳ್ಳರ ಹಾಂಗೆ ಹೋಗೂದಿಲ್ಲ ಅಕ್ಕೋರೆ. ಇಷ್ಟು ವರ್ಷ ಅನ್ನ ಹಾಕಿದವ್ರು. ಎದ್ರಿಗೆ ನಿಂತು ಹೇಳಿಯೇ ಹೋಗೂದು."

ಹೇಳುವುದಾದರೆ ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಹೇಳು ಎಂದೆ. ಅವಳು ನಗಲಿಲ್ಲ.

ಅಲ್ಲಿ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಮನಸ್ಸು ತೊಳೆಯುವುದು ಅಂತ ಒಂದಿತ್ತು. ನೀರೂ ಕುಡಿಯದೆ ಎಲ್ಲರೂ ಭಜನೆಯ ಕೋಣೆಯಲ್ಲಿ ಕೂರಬೇಕು. ಯಾರ ಮನಸ್ಸಿನಲ್ಲಿ ಏನು ಭಾರವಿದೆಯೋ ಅವರು ಎದ್ದು ನಿಂತು ಹೇಳಬೇಕು. ಹೇಳಿ ಮುಗಿದ ಕೂಡಲೇ ಎಲ್ಲರೂ "ತೊಳೆದು ಹೋಯ್ತು" ಎನ್ನಬೇಕು. ಕೊನೆಯವರೂ ಅನ್ನುವವರೆಗೆ ಯಾರೂ ಏಳುವಂತಿಲ್ಲ. ಅಂದ ಮೇಲೆ ಆ ಸಂಗತಿಯನ್ನು ಹೇಳಿದವರೂ ಕೇಳಿದವರೂ ಮತ್ತೆ ಎತ್ತುವಂತಿಲ್ಲ. ಅದು ಇರಲೇ ಇಲ್ಲ ಎಂದ ಹಾಗೆ. ಮೊದಮೊದಲು ನನಗೆ ಇದು ಭಾರಿ ಚೆನ್ನಾಗಿ ಕಂಡಿತ್ತು. ನಮ್ಮ ಮನೆಯಲ್ಲಿ ಅತ್ತೆಯೊಬ್ಬಳು ಹಳೆಯ ಜಗಳವನ್ನು ಉಪ್ಪಿನಕಾಯಿ ಹಾಕಿದ ಹಾಗೆ ವರ್ಷಗಟ್ಟಲೆ ಇಟ್ಟುಕೊಂಡಿರುತ್ತಿದ್ದಳು. ಇಲ್ಲಿ ಬೆಲ್ಲ ಕದ್ದು ತಿಂದದ್ದೂ, ದನಕ್ಕೆ ಹೊಡೆದದ್ದೂ ಒಂದೇ ಉಸಿರಿಗೆ ಮುಗಿದುಹೋಗುತ್ತಿತ್ತು.

ಆ ಅಮಾವಾಸ್ಯೆ ನಾನು ಹೆಂಗಸರ ಸಾಲಿನ ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಅಕ್ಕ ಎದ್ದಳು. ಸೆರಗು ಬಿಗಿದು ಸಿಕ್ಕಿಸಿಕೊಂಡು ಹೇಳಿದಳು.

"ಬಡಗಿ ಅಣ್ಣನ ಮೇಲೆ ನನ್ನ ಮನಸ್ಸು ಕೂತದೆ. ಅವ್ರ ಸಂಗಡ ಹೋಗೂದು ಅಂತ ಮಾಡಿದ್ದೆ. ಕೋಪ ಮಾಡ್ಬೇಡಿ."

ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಅವಳೂ ಎಣಿಸಿದ್ದಳು, ನಾನೂ ಎಣಿಸಿದ್ದೆ. ಹಾಕಿದರೆ ಒಳ್ಳೆಯದೇ ಆಯಿತು, ಅಲ್ಲಿಂದಲೇ ಬಸ್ಸಿಗೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಆಶ್ರಮ ನಡೆಸುತ್ತಿದ್ದ ದೊಡ್ಡಕ್ಕ ಕಣ್ಣೊರೆಸಿಕೊಂಡು, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ನೋಡುವ ಹಾಗೆ ಅವಳನ್ನು ನೋಡಿ, ತೊಳೆದು ಹೋಯ್ತು ಎಂದಳು. ಕೂಡಲೇ ಎರಡೂ ಸಾಲಿನವರು ಅದನ್ನೇ ಅಂದರು. ಅಷ್ಟು ದನಿಗಳ ನಡುವೆ ಗಂಡಸರ ಸಾಲಿನಿಂದ ಒಂದು ದಪ್ಪ ದನಿ ಬೇರೆಯಾಗಿ ಕೇಳಿತು. ಅಕ್ಕ ತಟ್ಟನೆ ಆ ಕಡೆ ತಿರುಗಿದಳು. ಬಡಗಿ ಅಣ್ಣ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಮಧ್ಯಾಹ್ನ ಅವರು ಶಾಲೆಯ ಹಿತ್ತಲಿಗೆ ಓಡಿ ಬಂದರು. ಗಂಡಸು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನಾ ಹೇಳಿದ್ದಲ್ಲ ಅಕ್ಕೋರೆ. ಬಾಯಿ ಹೇಳಿಬಿಡ್ತು."

ಇಪ್ಪತ್ತು ವರ್ಷ ಪ್ರತಿ ಅಮಾವಾಸ್ಯೆ ಅಂದ ಬಾಯಿ, ದೊಡ್ಡಕ್ಕ ಶುರು ಮಾಡಿದ ಕೂಡಲೇ ತಾನಾಗಿ ಅಂದುಬಿಟ್ಟಿತ್ತು. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಬೀಜದ ಕೋಣೆಗೆ ಹೋಗಿ, ನೋಡಕ್ಕ, ಬೆಳಿಗ್ಗೆಯ ಆ ಮಾತು ಅವರು ಬೇಕಂತ ಹೇಳಿದ್ದಲ್ಲ ಎಂದು ಶುರು ಮಾಡಿದೆ. ಅವಳು ಬೂದಿಯ ಕೈಯನ್ನು ಹಾಗೇ ಹಿಡಿದು ತಲೆಯೆತ್ತಿದಳು.

"ಯಾವ ಮಾತು ಅಕ್ಕೋರೆ?"

ನಾಟಕ ಮಾಡುವವಳಾಗಿದ್ದರೆ ನಾಲ್ಕು ಬೈದು ಬಾಯಿ ಬಿಡಿಸುತ್ತಿದ್ದೆ. ಅವಳು ನಾಟಕದವಳಲ್ಲ. ತೊಳೆದದ್ದನ್ನು ಎತ್ತಬಾರದು ಎಂದರೆ ಎತ್ತಬಾರದು, ಅಷ್ಟೆ. ಬೇಲೆಕೇರಿಗೆ ಹೋಗುವ ಮಾತೂ ಅದರ ಜೊತೆಗೇ ತೊಳೆದು ಹೋಗಿತ್ತು.

ಮುಂದಿನ ಅಮಾವಾಸ್ಯೆ ಬಡಗಿ ಅಣ್ಣ ಎದ್ದು ನಿಂತರು. ಹಿಂದಿನದನ್ನು ಎತ್ತದೆ, ಬೀಜದಕ್ಕ ಇಲ್ಲದೆ ನನಗೆ ಬದುಕುವುದಾಗುವುದಿಲ್ಲ ಎಂದು ತಮ್ಮದಾಗಿ ಹೇಳಿದರು. ದೊಡ್ಡಕ್ಕ ಅದೇ ಪ್ರೀತಿಯಲ್ಲಿ ತೊಳೆದು ಹೋಯ್ತು ಅಂದಳು, ಉಳಿದವರೂ ಅಂದರು. ನಾನು ಅಕ್ಕನ ಬಾಯಿಯನ್ನೇ ನೋಡುತ್ತಿದ್ದೆ. ತುಟಿ ಬಿಗಿದೇ ಇತ್ತು. ಅವಳು ಅನ್ನಲಿಲ್ಲ.

ಒಬ್ಬರು ಅನ್ನದಿದ್ದರೂ ಯಾರೂ ಏಳುವಂತಿಲ್ಲ. ಯಾರೂ ಗದರಲಿಲ್ಲ, ಅವಳ ಕಡೆ ತಿರುಗಿ ಸಹ ನೋಡಲಿಲ್ಲ, ಸುಮ್ಮನೆ ಕಾದರು. ಕಿಟಕಿಯ ಬಿಸಿಲು ಗಂಡಸರ ಸಾಲನ್ನು ದಾಟಿ ನಮ್ಮ ಸಾಲಿಗೆ ಬಂತು. ಹಟ್ಟಿಯಲ್ಲಿ ಹಾಲು ಕರೆಯದ ದನ ಕೂಗುತ್ತಿತ್ತು. ಅಕ್ಕನ ಪಕ್ಕ ಕೂತಿದ್ದ ಮುದುಕಿಗೆ ಸಕ್ಕರೆ ಕಾಯಿಲೆ. ಹೊಟ್ಟೆಗಿಲ್ಲದೆ ಅವಳಿಗೆ ಬೆವರು ಬಿಟ್ಟು ಮೈ ಅದುರತೊಡಗಿತು. ಆದರೂ ಮುದುಕಿ ಏಳಲಿಲ್ಲ, ಅಕ್ಕನ ಬೆನ್ನು ಸವರುತ್ತ ಕೂತಳು. ಆ ಮುದುಕಿಯೇ ಅಕ್ಕನಿಗೆ ತಲೆ ಬಾಚಿ ಬೆಳೆಸಿದವಳು. ಅಕ್ಕ ಒಮ್ಮೆ ಅವಳನ್ನು ನೋಡಿದಳು. ಆಮೇಲೆ ಅಂದಳು, ಎಷ್ಟು ಸಣ್ಣ ದನಿಯಲ್ಲಿ ಎಂದರೆ ನನಗೆ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಎಲ್ಲರೂ ಎದ್ದು ಗಂಜಿಗೆ ಹೋದರು.

ನಾನು ತಡೆಯಲಾರದೆ ದೊಡ್ಡಕ್ಕನಿಗೆ ಬಾಯಿಗೆ ಬಂದದ್ದು ಬೈದೆ. ಜೈಲಿಗಾದರೂ ಒಂದು ಬಿಡುಗಡೆಯ ದಿನ ಇರ್ತದೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಾವ್ ಯಾರನ್ನೂ ಕಟ್ಟಿ ಹಾಕಲಿಲ್ಲ ಅಕ್ಕೋರೆ, ಬಾಗ್ಲು ತೆರೆದೇ ಅದೆ," ಎಂದಳು. ಅದು ನಿಜವೇ ಆಗಿತ್ತು. ನನ್ನ ಹೊಟ್ಟೆ ಉರಿದದ್ದೂ ಅದಕ್ಕೇ. ಬೀಗ ಹಾಕಿದ್ದರೆ ನಾನೇ ಒಡೆಯುತ್ತಿದ್ದೆ.

ನನಗೆ ಹಾರವಾಡಕ್ಕೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು, ಕಾರವಾರದಲ್ಲಿ ಮನೆ ಮಾಡಿದೆವು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಬೀಜದ ನೆವ ಹೇಳಿ ಹೋಗಿ ಬರುತ್ತಿದ್ದೆ. ಅಕ್ಕ ನನ್ನ ಮಕ್ಕಳ ಸುದ್ದಿ ಕೇಳುತ್ತಿದ್ದಳು, ಬೆಂಡೆಗೆ ಬಂದ ರೋಗದ ಸುದ್ದಿ ಹೇಳುತ್ತಿದ್ದಳು, ಸಮುದ್ರದ ಸುದ್ದಿಯನ್ನು ಮಾತ್ರ ಆಮೇಲೆ ಎಂದೂ ಕೇಳಲಿಲ್ಲ. ಬಡಗಿ ಅಣ್ಣನ ಹೆಸರೂ ಬರಲಿಲ್ಲ. ಅಂಗಳದ ಆಚೆ ಅವರು ಉಳಿ ಬಡಿಯುವ ಸದ್ದು ಕೇಳುತ್ತಿದ್ದರೆ, ಅವಳು ಮಾತನ್ನು ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು...

ಸಂತೆಯಿಂದ ಬಂದ ವಾರವೇ ಮಗನಿಗೆ ಹೇಳಿ ಕಾರು ಮಾಡಿಸಿಕೊಂಡು ಹೋದೆ. ಅಲ್ಲಿ ಈಗ ಉಳಿದವರು ಮೂರೇ ಜನ. ಬಡಗಿ ಅಣ್ಣ ಕಟ್ಟೆಯ ಮೇಲೆ ಕೂತಿದ್ದರು, ಕಣ್ಣು ಮಂಜಾಗಿದೆ. ದನಿಯಿಂದ ನನ್ನ ಗುರುತು ಹಿಡಿದರು. ಅಕ್ಕ ಆಷಾಢದ ಮಳೆಯಲ್ಲಿ ಜ್ವರ ಬಂದು ಹೋದಳಂತೆ. ಸತ್ತ ಸುದ್ದಿ ಹೊರಗೆ ಕಳಿಸುವುದು ಅವರಲ್ಲಿಲ್ಲ. ಹೆಂಗಸರ ಕೋಣೆಯೊಳಗೆ ಇವರು ಹೋಗುವಂತಿರಲಿಲ್ಲ, ಹೊರಗೆ ಜಗಲಿಯಲ್ಲಿ ಕೂತೇ ಇದ್ದರಂತೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಅವರು ನನ್ನ ಅಳು ನಿಲ್ಲುವವರೆಗೆ ಕಾದು, ಸುತ್ತ ಯಾರ ಸದ್ದೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೇಳಿದರು.

"ಅವ್ಳು ನನ್ನ ಸುದ್ದಿ ಎಂದಾದ್ರೂ ತೆಗೀತಿದ್ಲಾ?"

ಒಂದು ಸಲವೂ ತೆಗೆದಿರಲಿಲ್ಲ.

"ಪ್ರತಿ ಸಲ ಕೇಳ್ತಿದ್ಲು ಅಣ್ಣ," ಎಂದೆ.

ಅವರ ಮುಖ ನೋಡಲಿಕ್ಕಾಗಲಿಲ್ಲ. ಅವರು ನೆಲ ನೋಡುತ್ತ, ಕೇಳಬಾರದ್ದನ್ನು ಕೇಳಿದೆ, ಈ ಅಮಾವಾಸ್ಯೆಗೆ ಇದನ್ನೂ ಹೇಳಬೇಕು ಎಂದರು. ಇನ್ನು ಅಲ್ಲಿ ಹೇಳಿಸಿಕೊಳ್ಳಲಿಕ್ಕೆ ಉಳಿದವರು ಇಬ್ಬರು, ಅದರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ.

"ಬೇಡ ಅಣ್ಣ. ಇದೊಂದನ್ನ ಯಾರಿಗೂ ಹೇಳ್ಬೇಡಿ, ನಿಮ್ಮ ಹತ್ರ ಇಟ್ಕೊಳ್ಳಿ."

ಮಗ ಕಾರಿನ ಹಾರನ್ ಒತ್ತಿದ. ನಾನು ಏಳುವಾಗ ಅವರು, "ಆಯ್ತು. ಇದ್ನ ಹೇಳೂದಿಲ್ಲ," ಎಂದರು.

ಇಡೀ ಜನ್ಮದಲ್ಲಿ ಆ ಮನುಷ್ಯ ತೊಳೆಯದೆ ಇಟ್ಟುಕೊಂಡದ್ದು ಅದೊಂದೇ, ಅದೂ ನಾನು ಹೇಳಿದ ಸುಳ್ಳು. ಅಕ್ಕ ನಿಜವಾಗಿ ಏನು ಇಟ್ಟುಕೊಂಡು ಹೋದಳೋ ನನಗೂ ಗೊತ್ತಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ. ದಾರಿಯಲ್ಲಿ ಮಗ ಏನಾಯಿತೆಂದು ಎರಡು ಸಲ ಕೇಳಿದ. ಅಂಕೋಲೆ ದಾಟಿದ ಮೇಲೆ, ಈ ವರ್ಷ ಬೀಜ ಸಿಗಲಿಲ್ಲ ಎಂದೆ.