ಅಕ್ಕ, ಓವನ್ನು ಮತ್ತು ಹನ್ನೆರಡೂವರೆಯ ಊಟ

ಶ್ರಾವಣದ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಯಲಬುರ್ಗಾದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಅಕ್ಕ. ಮೂರನೆಯವನು, ನಮ್ಮಿಬ್ಬರಿಗೂ ತಮ್ಮ, ಆ ಹೊತ್ತಿಗೆ ಗಂಗಾವತಿಯಿಂದ ಬಸ್ಸು ಹತ್ತಿದ್ದ.

ಅವನು ಬರುತ್ತಿದ್ದುದು ಅಕ್ಕನನ್ನು ಕರೆದೊಯ್ಯಲು, ಅಥವಾ ಕರೆದೊಯ್ಯುವ ಅಗತ್ಯವಿಲ್ಲವೆಂದು ಕಣ್ಣಾರೆ ಕಂಡು ಹಿಂದಿರುಗಲು. ಎರಡರಲ್ಲಿ ಯಾವುದು ಎನ್ನುವುದು ಅಂದಿನ ಮಧ್ಯಾಹ್ನದ ಊಟದ ಮೇಲೆ ನಿಂತಿತ್ತು.

ಸಂಗತಿ ಇಷ್ಟೇ. ನಾನು ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಕೊಪ್ಪಳದ ಒಂದು ನರ್ಸಿಂಗ್ ಶಾಲೆಯವರು ಆರು ವಾರ ಬಂದು ಹುಡುಗಿಯರಿಗೆ ಕಲಿಸಿರೆಂದು ಕೇಳಿದರು. ಒಪ್ಪಿಕೊಂಡೆ. ಮರುದಿನ ಸೋಮವಾರದಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಐದಕ್ಕೆ ಮರಳುವುದು. ಆ ಹೊತ್ತಿನಲ್ಲಿ ಅಕ್ಕ ಮನೆಯಲ್ಲಿ ಒಬ್ಬಳೇ. ಅವಳಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಚುಚ್ಚಿಕೊಂಡ ಅರ್ಧ ತಾಸಿನೊಳಗೆ ಉಣ್ಣಲೇಬೇಕು. ಗ್ಯಾಸಿನ ಒಲೆಯ ಮುಂದೆ ಒಬ್ಬಳೇ ನಿಲ್ಲಕೂಡದೆಂದು ಡಾಕ್ಟರು ಹೇಳಿದ್ದಾರೆ. ಯುಗಾದಿಯ ಹೊತ್ತಿಗೆ ತಲೆ ಸುತ್ತು ಬಂದು ಒಲೆಯ ಮೇಲೆ ವಾಲಿ, ಸೆರಗಿನ ತುದಿ ಸುಟ್ಟಿತ್ತು. ನಾನು ಪಕ್ಕದಲ್ಲಿದ್ದೆ, ಸೆರಗಷ್ಟೇ ಹೋಯಿತು.

ಹೀಗಾಗಿ ಉಳಿದದ್ದು ಗೋಡೆಯ ಓವನ್ನು. ಮನೆ ಕಟ್ಟಿಸುವಾಗ ಅಡುಗೆಮನೆಯ ಬೀರುಗಳ ಸಾಲಿನಲ್ಲಿ, ಎದೆಯ ಎತ್ತರಕ್ಕೆ ಒಂದು ಗೂಡು ಬಿಡಿಸಿ ಮೈಕ್ರೋವೇವನ್ನು ಅದರೊಳಗೆ ಕೂರಿಸಿದ್ದೆ. ಮಂಡಿನೋವಿನ ಅಕ್ಕ ಬಗ್ಗುವುದು ಬೇಡ, ಕಟ್ಟೆಯ ಮೇಲೆ ಜಾಗವೂ ಉಳಿಯಲಿ ಎಂದು. ಅದರ ಮೇಲಿನ ಬೀರು ಅಕ್ಕನದು. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷ ಅವಳು ಆ ಮನೆ ಈ ಮನೆ ಎಂದು ಕೈಚೀಲ ಹಿಡಿದುಕೊಂಡು ಓಡಾಡಿದವಳು. ನನ್ನಲ್ಲಿಗೆ ಬಂದಾಗ, ಅಡುಗೆಮನೆಯಲ್ಲಿ ತನ್ನದೇ ಎಂದು ಒಂದು ಬೀರು ಬೇಕು ಎಂದಳು. ಕೊಟ್ಟೆ. ಅಂದಿನಿಂದ ನಾನು ಅದರ ಬಾಗಿಲು ತೆರೆದಿರಲಿಲ್ಲ.

ಆ ಬೆಳಿಗ್ಗೆಯ ಮೊದಲ ಕೆಲಸ ಓವನ್ನಿನ ಸ್ವಚ್ಛತೆ. ಗಾಜಿನ ಬಟ್ಟಲಲ್ಲಿ ನೀರು ಹಾಕಿ, ನಿಂಬೆಹಣ್ಣಿನ ಎರಡು ಹೋಳು ಬಿಟ್ಟು ಮೂರು ನಿಮಿಷ ಕುದಿಸುತ್ತೇನೆ. ಎರಡು ನಿಮಿಷ ಬಾಗಿಲು ತೆರೆಯುವುದಿಲ್ಲ. ಹಬೆಯೇ ಒಳಗಿನ ಜಿಡ್ಡನ್ನೆಲ್ಲ ನೆನೆಸಿಡುತ್ತದೆ. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒಳಗೋಡೆ, ಬಾಗಿಲ ಅಂಚು. ತಿರುಗುವ ಗಾಜಿನ ತಟ್ಟೆಯನ್ನೂ ಅದರ ಕೆಳಗಿನ ಗಾಲಿಯ ಬಳೆಯನ್ನೂ ತೆಗೆದು ತೊಳೆದು ಒರೆಸಿ ಮತ್ತೆ ಕೂರಿಸುವುದು. ಚಾಕುವಿನಿಂದ ಕೆರೆಯುವುದು, ತಂತಿನಾರಿನಿಂದ ತಿಕ್ಕುವುದು ನಮ್ಮ ಮನೆಯಲ್ಲಿ ಇಲ್ಲ.

ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. "ದಿನಾ ಅದಕ್ಕ ಜಳಕ ಮಾಡಸ್ತಿ, ಮೈ ಒರಸ್ತಿ. ಕೂಸು ಹಡದಿದ್ರ ಅದಕ್ಕೂ ಇಷ್ಟು ಮಾಡ್ತಿದ್ದಿಲ್ಲ ನೀ."

"ಕೂಸಾದ್ರ ಅಳತಿತ್ತು. ಇದು ಸುಮ್ನ ಇರ್ತೈತಿ," ಎಂದೆ.

"ಎಲ್ಲಿ ಸುಮ್ನ? ಮೂರ ದಿನದಿಂದ ಭೋರ್ ಅಂತ ಗುರುಗುಟ್ಟತೈತಿ, ಕೇಳೂದಿಲ್ಲ ನಿನಗ?"

ಕೇಳಿಸಿತ್ತು. ಒಳಗಿನ ಫ್ಯಾನು ಮೊದಲಿಗಿಂತ ಜೋರಾಗಿ, ಹೆಚ್ಚು ಹೊತ್ತು ತಿರುಗುತ್ತಿತ್ತು. ಮಳೆಗಾಲದ ತೇವಕ್ಕಿರಬೇಕು ಎಂದುಕೊಂಡೆ. ಥಿಯೇಟರಿನಲ್ಲಿ ಯಾವ ಯಂತ್ರ ಹೊಸ ಸದ್ದು ಮಾಡಿದರೂ ಅದೇ ಗಳಿಗೆ ನಿಲ್ಲಿಸಿ ನೋಡುತ್ತಿದ್ದವಳು ನಾನು. ಮನೆಯಲ್ಲಿ ನೋಡಲಿಲ್ಲ.

ಆ ದಿನಕ್ಕೆ ನಾನೇ ಒಂದು ಕಟ್ಟುಪಾಡು ಮಾಡಿದ್ದೆ: ಬೆಳಗಿನಿಂದ ಸಂಜೆಯವರೆಗೆ ಗ್ಯಾಸ್ ಹಚ್ಚುವಂತಿಲ್ಲ. ಹಾಲು ಕಾಸಿದ್ದು ಓವನ್ನಿನಲ್ಲಿ. ಪಲ್ಯಕ್ಕೆ ಆಲೂಗಡ್ಡೆ ಬೇಯಿಸಿದ್ದು ಓವನ್ನಿನಲ್ಲಿ. ಹಿಂಡಿಗೆ ಶೇಂಗಾ ಹುರಿದದ್ದು, ನಿಮಿಷಕ್ಕೊಮ್ಮೆ ತೆಗೆದು ಕೈಯಾಡಿಸುತ್ತ, ಅದರಲ್ಲಿಯೇ. ಹುರಿದ ಶೇಂಗಾಕ್ಕೆ ಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಅಕ್ಕ ಕುಟ್ಟಿದಳು. ಹತ್ತೂವರೆಗೆ ತಮ್ಮ ಬಂದಾಗ ಅವನ ಚಹಾ ಆದದ್ದೂ ಅದರಲ್ಲೇ.

ಅವನು ಚಹಾ ಕುಡಿಯುತ್ತ, ಬಂದ ವಿಷಯಕ್ಕೆ ನೇರವಾಗಿ ಬಂದ. "ದೊಡ್ಡಕ್ಕಾ, ಹಟ ಮಾಡಬ್ಯಾಡ. ಆರು ವಾರ ಅಂದ್ರ ಆರೇ ವಾರ. ನಮ್ಮ ಮನ್ಯಾಗ ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕೂ ಮಂದಿ ಅದಾರ. ಗಂಗಾವತ್ಯಾಗ ನಿನಗ ಏನ ಕಡಿಮಿ ಆಗೈತಿ?"

"ಜ್ವಾಳ ಕಡಿಮಿ ಆಗೈತಿ," ಎಂದಳು ಅಕ್ಕ. "ಮುಂಜಾನಿ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಕಾಲಿವಿ ನೀರು ಬಂದು ಭತ್ತಾ ಬೆಳ್ಯಾಕ ಹತ್ತಿದಾಗಿಂದ ನಿಮ್ಮೂರಾಗ ಹಲ್ಲಿಗೆ ಕೆಲಸಾ ಇಲ್ಲ."

"ನಿನಗ ಹಲ್ಲ ಎಷ್ಟ ಅದಾವ?"

"ಒಂಬತ್ತು. ಒಂಬತ್ತಕ್ಕೂ ಕೆಲಸಾ ಬೇಕು."

ನಗು ಮುಗಿದ ಮೇಲೆ ಷರತ್ತನ್ನು ಮೂವರೂ ಒಪ್ಪಿಕೊಂಡೆವು. ಹನ್ನೆರಡೂವರೆಗೆ ಅಕ್ಕ ತಾನೇ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ತಾನೇ ಊಟ ಬಿಸಿ ಮಾಡಿಕೊಳ್ಳಬೇಕು, ಗಡಿಯಾರ ಒಂದು ಹೊಡೆಯುವುದರೊಳಗೆ ಉಣ್ಣಬೇಕು. ನಾವಿಬ್ಬರು ಬಾಗಿಲ ಹತ್ತಿರ ಕೂತಿರಬೇಕು; ಕೈ ಹಾಕಬಾರದು, ಬಾಯಿ ಹಾಕಬಾರದು. ಆಗದಿದ್ದರೆ ಮೂರರ ಬಸ್ಸಿಗೆ ಅವಳು ತಮ್ಮನ ಜೊತೆ ಹೊರಡಬೇಕು. ಅಕ್ಕ ತಲೆಯಾಡಿಸಿದಳು. ಅವಳು ಹಗುರಾಗಿ ಮಾತಾಡುತ್ತಿದ್ದರೂ, ಹನ್ನೊಂದು ಗಂಟೆಯ ಮೇಲೆ ಎರಡು ಸಲ ಎದ್ದು ಹೋಗಿ ತನ್ನ ಬೀರಿನ ಹಿಡಿಯನ್ನು ಸೆರಗಿನಿಂದ ಒರೆಸಿದ್ದನ್ನು ನಾನು ನೋಡಿದೆ.

ಹನ್ನೆರಡೂವರೆ. ಅಕ್ಕ ಕೈ ತೊಳೆದಳು, ಹೊಟ್ಟೆಯ ಮೇಲೆ ಚುಚ್ಚಿಕೊಂಡಳು, ಸೂಜಿಯನ್ನು ಡಬ್ಬಿಗೆ ಹಾಕಿದಳು. ಒಂದೂ ತಪ್ಪಿಲ್ಲ. ಫ್ರಿಜ್ಜಿನಿಂದ ಜೋಳದ ನುಚ್ಚಿನ ಗಾಜಿನ ಬಟ್ಟಲು ತೆಗೆದಳು. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಸಡಿಲಾಗಿ ಮುಚ್ಚಿ, ತಟ್ಟೆಯ ನಡುವೆ ಇಟ್ಟು ಬಾಗಿಲು ಹಾಕಿದಳು. ಎರಡು ನಿಮಿಷಕ್ಕೆ ಗುಂಡಿ ಒತ್ತಿದಳು. ದೀಪ ಹತ್ತಿತು, ತಟ್ಟೆ ತಿರುಗಿತು, ಫ್ಯಾನು ಭೋರ್ ಎಂದಿತು.

ಇಪ್ಪತ್ತು ಸೆಕೆಂಡಾಗಿರಬೇಕು. ಎಲ್ಲ ನಿಂತಿತು. ಒಳಗಿನ ದೀಪವಿಲ್ಲ, ಮುಂದಿನ ಅಂಕಿಗಳೂ ಇಲ್ಲ.

ಅಕ್ಕ ಮತ್ತೆ ಒತ್ತಿದಳು. ಬಾಗಿಲು ತೆರೆದು ಹಾಕಿ ಒತ್ತಿದಳು. ಬಟ್ಟಲನ್ನು ಮುಟ್ಟಿ ನೋಡಿದಳು.

"ಕಲ್ಲಾಗೈತಿ," ಎಂದಳು.

ತಮ್ಮ ಎದ್ದು ನಿಂತ. "ಕರೆಂಟ ಹೋಗಿಲ್ಲ, ಪಡಸಾಲ್ಯಾಗ ಫ್ಯಾನ ತಿರಗಾಕ ಹತ್ತೈತಿ. ಸಣ್ಣಕ್ಕಾ, ನಿನ್ನ ಡಬ್ಬಿ ಸತ್ತೈತಿ. ಇದಕ್ಕ ನೋಡು ನಾ ಹೇಳೂದು. ನಾಳಿ ಹಿಂಗ ಆಗಿ ನೀ ಕೊಪ್ಪಳದಾಗ ಇದ್ದಿದ್ರ?"

ಗಡಿಯಾರ ಹನ್ನೆರಡು ಮೂವತ್ತೆಂಟು ತೋರಿಸುತ್ತಿತ್ತು. ಇನ್ಸುಲಿನ್ ಒಳಗೆ ಹೋಗಿ ಎಂಟು ನಿಮಿಷವಾಗಿತ್ತು, ಅದಕ್ಕೆ ಓವನ್ನು ಕೆಟ್ಟದ್ದು ಗೊತ್ತಾಗುವುದಿಲ್ಲ. ಷರತ್ತು ಬದಿಗಿರಲಿ ಎಂದು ಎದ್ದು ಗ್ಯಾಸಿನ ಕಡೆ ಹೆಜ್ಜೆ ಇಟ್ಟೆ.

"ಕೂಡ್ರು," ಎಂದಳು ಅಕ್ಕ. "ಕೈ ಹಾಕಬಾರ್ದು ಅಂತ ನೀನ ಹೇಳಿದ್ದಿ. ಇಬ್ರೂ ಕೂಡ್ರಿ."

ಕೂತೆವು. ಅಕ್ಕ ಕೈ ಮೇಲೆತ್ತಿ ತನ್ನ ಬೀರಿನ ಬಾಗಿಲು ತೆರೆದಳು. ಹಿಂದಿನ ಮೂಲೆಗೆ ಕೈ ತೂರಿಸಿ, ಹತ್ತಿಯ ಪಂಚೆಯಲ್ಲಿ ಸುತ್ತಿದ ಒಂದು ದೊಡ್ಡ ಗಂಟನ್ನು ತುದಿ ಹಿಡಿದು ಎಳೆದಳು. ಬಿಚ್ಚಿದಳು. ಒಣಗಿಸಿದ ಜೋಳದ ಕಟಕ್ ರೊಟ್ಟಿ, ಇಪ್ಪತ್ತಕ್ಕೂ ಮೇಲೆ, ಒಂದರ ಮೇಲೊಂದು. ಪಕ್ಕದ ಮನೆಯವಳು ಬಡಿದು ಕೊಟ್ಟವು. ಎರಡನ್ನು ತೆಗೆದು ಬಟ್ಟಲಿನಲ್ಲಿ ಮುರಿದಳು; ಮಳೆಗಾಲದ ನಡುವೆಯೂ ಹಪ್ಪಳದಂತೆ ಸದ್ದಾಯಿತು. ಮೇಲೆ ಮೊಸರು ಸುರಿದು ನೆನೆಯಲು ಬಿಟ್ಟು, ಅಷ್ಟರೊಳಗೆ ಒಂದು ಸೌತೆಕಾಯಿ ಹೆಚ್ಚಿದಳು. ಬೆಳಿಗ್ಗೆಯ ಶೇಂಗಾ ಹಿಂಡಿ, ಆಲೂಗಡ್ಡೆ ಪಲ್ಯ ಪಕ್ಕಕ್ಕೆ ಬಂದವು. ಹನ್ನೆರಡು ನಲವತ್ತೇಳಕ್ಕೆ ಮೊದಲ ತುತ್ತು.

"ಇಷ್ಟ ಗರಿಗರಿ ಹೆಂಗ ಅದಾವ ಇವು?" ತಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. "ನಮ್ಮ ಮನ್ಯಾಗ ಶ್ರಾವಣದಾಗ ರೊಟ್ಟಿ ಚರ್ಮ ಆಗತಾವ."

"ನಮ್ಮವ್ವ ರೊಟ್ಟಿ ಬುಟ್ಟಿ ಎಲ್ಲಿ ಇಡತಿದ್ಳು? ನೆಲುವಿನ ಮ್ಯಾಲ, ಒಲಿ ನೆತ್ತಿಗೆ. ಬಿಸಿ ಹತ್ತಿ ಒಣಗಿರ್ತಿದ್ವು. ಇಲ್ಲೂ ಹಂಗ. ಈ ಡಬ್ಬಿ ನೆತ್ತಿ ಮ್ಯಾಲ ಹಿಂದಕ ಒಂದು ಕಿಂಡಿ ಐತಿ, ಅದರಾಗಿಂದ ಬೆಚ್ಚನ ಗಾಳಿ ಬರತೈತಿ. ನಾಕ ದಿನ ಆತು, ಅದರ ಮ್ಯಾಲ ಇಟ್ಟೀನಿ."

ನಾನು ಎದ್ದು ಬೀರಿನ ತಳವನ್ನು ಮುಟ್ಟಿದೆ. ಬೆಚ್ಚಗಲ್ಲ, ಸುಡುತ್ತಿತ್ತು. ಸ್ಟೂಲು ಹತ್ತಿ ಬೀರಿನೊಳಗೆ ಇಣುಕಿದೆ. ಗೂಡಿನ ಬಿಸಿ ಹೊರಗೆ ಹೋಗಲೆಂದು ಬಡಿಗ ಹಿಂದೆ ಕೊರೆದಿಟ್ಟ ದಾರಿ ಅದು. ಅದರ ಬಾಯಿಗೆ ಅಕ್ಕ ರೊಟ್ಟಿಯ ಗಂಟು ಇಟ್ಟಿದ್ದಳು. ಬೆಳಗಿನಿಂದ ಬಿಡುವಿಲ್ಲದೆ ದುಡಿದ ಓವನ್ನು ಉಸಿರು ಬಿಡಲಾಗದೆ ಕಾದು, ತನ್ನನ್ನು ತಾನೇ ಆರಿಸಿಕೊಂಡಿತ್ತು.

"ನನಗ್ಯಾಕ ಹೇಳಲಿಲ್ಲ ನೀ?" ಎಂದೆ.

"ಏನಂತ ಹೇಳ್ಲಿ? ಒಳಗ ಸ್ಟೀಲ್ ಇಡಬ್ಯಾಡ, ತತ್ತಿ ಇಡಬ್ಯಾಡ, ಖಾಲಿ ಹಚ್ಚಬ್ಯಾಡ, ಬಾಗಿಲಾ ಬಡೀಬ್ಯಾಡ, ಹದಿನಾರು ಕಾನೂನು ಬರದು ಹಚ್ಚೀದಿ. ಮ್ಯಾಲ ಏನೂ ಇಡಬ್ಯಾಡ ಅಂತ ಅದರಾಗ ಎಲ್ಲೈತಿ, ಓದಿ ತೋರಸು."

ಓವನ್ನಿನ ಪಕ್ಕದಲ್ಲಿ ಅಕ್ಕನಿಗೆಂದು ಅಂಟಿಸಿದ್ದ ನನ್ನ ಪಟ್ಟಿಯನ್ನು ಓದಿದೆ. ಇರಲಿಲ್ಲ. ಒಳಗಿನದ್ದನ್ನೆಲ್ಲ ಬರೆದವಳು ಹೊರಗಿನದನ್ನು ಬರೆದಿರಲಿಲ್ಲ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ನನ್ನ ಪಟ್ಟಿಯಲ್ಲಿ ಮೊದಲು ಸೂಜಿ, ಆಮೇಲೆ ಊಟ ಬಿಸಿ ಮಾಡುವುದು ಎಂದಿತ್ತು. ಥಿಯೇಟರಿನಲ್ಲಿ ಉಪಕರಣದ ತಟ್ಟೆ ಸಿದ್ಧವಾಗದೆ ರೋಗಿಗೆ ಮದ್ದು ಕೊಡುವುದನ್ನು ನಾನು ಎಂದೂ ನೋಡಿಲ್ಲ. ಇಲ್ಲಿ ತಟ್ಟೆ ಇನ್ನೂ ಫ್ರಿಜ್ಜಿನಲ್ಲಿರುವಾಗ ಸೂಜಿ ಚುಚ್ಚಿಕೋ ಎಂದು ಬರೆದಿದ್ದೆ. ಪೆನ್ನು ತಂದು ಅದನ್ನು ಹೊಡೆದು ಹಾಕಿದೆ. ಊಟ ಬಿಸಿಯಾಗಿ ತಟ್ಟೆಗೆ ಬಂದ ಮೇಲೆ ಸೂಜಿ. ಓವನ್ನಿನ ಮೇಲಿನ ಕಿಂಡಿ ಸದಾ ಖಾಲಿ. ಅಕ್ಕ ಉಣ್ಣುತ್ತಲೇ ಮೂರನೆಯದನ್ನು ಹೇಳಿ ಬರೆಯಿಸಿದಳು: ಡಬ್ಬಿ ಕೈ ಕೊಟ್ಟರೆ ರೊಟ್ಟಿ, ಮೊಸರು.

ಒಂದೂಮುಕ್ಕಾಲಿಗೆ ಗೂಡು ತಣ್ಣಗಾಗಿತ್ತು. ಅಂಕಿಗಳು ತಾವಾಗಿಯೇ ಹತ್ತಿದವು. ಫ್ಯಾನಿನ ಸದ್ದೂ ಮೊದಲಿನಂತೆ ಸಣ್ಣಗಾಗಿತ್ತು. ತಮ್ಮನಿಗೆ ತಾನೇ ಪರೀಕ್ಷಿಸಿ ನೋಡುವ ಮನಸ್ಸಾಯಿತು. ಉಳಿದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಓವನ್ನಿನ ಬಾಗಿಲು ತೆರೆದ.

"ಏ ಏ ಏ! ಸ್ಟೀಲ್ ಲೋಟಾ ಇಡ್ತಿ ಏನೋ! ಬೆಂಕಿ ಸಿಡಿಸ್ತಿ?" ಅಕ್ಕ ಕೂತಲ್ಲಿಂದಲೇ ಗದರಿದಳು. "ಆ ಪಿಂಗಾಣಿ ಕಪ್ಪಿಗೆ ಹಾಕು. ಬಂಗಾರದ ಅಂಚಿಂದಲ್ಲ, ಬಿಳೀದು. ಒಂದ ನಿಮಿಷಾ ಸಾಕು."

ತಮ್ಮ ಲೋಟ ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ಸಣ್ಣಕ್ಕಾ, ಇಕಿನ್ನ ಕರಕೊಂಡ ಹೋದ್ರ ನನ್ನ ಹೇಣ್ತಿಗೆ ಅಡಗಿ ಮನ್ಯಾಗ ಜಾಗಾ ಸಿಗೂದಿಲ್ಲ. ಇಲ್ಲೇ ಇರ್ಲಿ," ಎಂದ. ಲೋಟವನ್ನು ಕಟ್ಟೆಯ ಮೇಲಿಟ್ಟು, ಅಕ್ಕನ ಕಡೆ ತಿರುಗಿ ನಗದೆ ಅಂದ: "ಆದ್ರ ದಿನಾ ಮಧ್ಯಾಹ್ನ ಒಂದಕ್ಕ ನಾ ಫೋನ್ ಹಚ್ಚತೀನಿ, ದೊಡ್ಡಕ್ಕಾ. ಉಂಡೀನಿ ಅಂತ ನೀನ ಹೇಳಬೇಕು."

"ಹಚ್ಚು. ಏನ ಉಂಡೆ ಅಂತ ಕೇಳಬ್ಯಾಡ, ಹೊಟ್ಟಿಕಿಚ್ಚ ಆಗತೈತಿ ನಿನಗ."

ಮೂರರ ಬಸ್ಸಿಗೆ ಅವನು ಒಬ್ಬನೇ ಹೊರಟ. ಆರು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು ಅಕ್ಕ. ಬಸ್ ನಿಲ್ದಾಣದಿಂದ ಮರಳಿ ಬಂದು ನೋಡಿದರೆ, ಉಳಿದ ರೊಟ್ಟಿಗಳನ್ನು ಅವಳು ಬಿಗಿ ಮುಚ್ಚಳದ ಅವಲಕ್ಕಿ ಡಬ್ಬಿಯೊಂದಕ್ಕೆ ತುಂಬಿ, ಬೀರಿನ ಮುಂಭಾಗಕ್ಕೆ ತಂದಿಟ್ಟಿದ್ದಳು. ಅವಲಕ್ಕಿ ನನ್ನ ಸ್ಟೀಲ್ ಕೊಡಕ್ಕೆ ಹೋಗಿತ್ತು.

ಕಿಂಡಿಯಲ್ಲಿ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಪೇಂಟ್ ಬ್ರಷ್ಷಿನಿಂದ ಗುಡಿಸಿ ತೆಗೆದೆ. ಓವನ್ನಿನ ಚೌಕಟ್ಟಿನ ಮೇಲಿನ, ಗಾಳಿಯಾಡಲೆಂದು ಬಿಟ್ಟ ಸೀಳುಗಳಿಗೆ ಹಾಳೆಯ ಚೂರು ಹಿಡಿದು ಗಾಳಿ ಬರುತ್ತದೆಯೇ ನೋಡಿದೆ. ಬರುತ್ತಿತ್ತು. ಸಂಜೆ ಆರಕ್ಕೆ ಹೊಸ ನುಚ್ಚು ಮಾಡಿ ಆರಿಸಿ, ಮರುದಿನದ ಪಾಲನ್ನು ಗಾಜಿನ ಬಟ್ಟಲಿಗೆ ಹಾಕಿ ಮುಚ್ಚಿ, ಫ್ರಿಜ್ಜಿನಲ್ಲಿ ಅಕ್ಕನ ಕೈಗೆ ಮೊದಲು ಸಿಗುವ ಹಲಗೆಯ ಮೇಲೆ ಇಟ್ಟೆ.